ಸಂಪಾದಕರ ಉತ್ತರ: ಚೀನೀ ಭಾಷೆಗೆ ಇಷ್ಟು ಪುಟ ಯಾಕೆ?

"ಕಳೆದ ಸಂಚಿಕೆಯಲ್ಲಿ ಚೀನೀ ಭಾಷೆಯನ್ನು ಪುಟಗಟ್ಟಲೆ ಹೊಗಳಿದ್ದೀರಿ. ಗಡಿಯಲ್ಲಿ ನಮ್ಮ ಸೈನಿಕರ ಪಾಡೇನು? ಸಾವಿರಾರು ಅಕ್ಷರಗಳ ಆ ಲಿಪಿಯಿಂದ ಕನ್ನಡಿಗರಿಗೆ ಆಗಬೇಕಾದ್ದೇನು?"
– ಓದುಗರೊಬ್ಬರು, ಶಿರಸಿ

ಗಡಿಯ ವಿಚಾರದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಸರ್ಕಾರ ಬೇರೆ, ಭಾಷೆ ಬೇರೆ ಸ್ವಾಮಿ. ಬೀಜಿಂಗಿನ ಈಗಿನ ಸರ್ಕಾರ ಬಂದದ್ದು 1949ರಲ್ಲಿ. ಚೀನಾದ ಆನ್ಯಾಂಗಿನಲ್ಲಿ ಸಿಕ್ಕಿದ, ಮೂಳೆ, ಆಮೆ ಚಿಪ್ಪಿನ ಮೇಲಿನ ಚೀನೀ ಬರಹಗಳಿಗೆ 3000 ವರ್ಷ ದಾಟಿದೆ.

ಸಾವಿರಾರು ಅಕ್ಷರ, ನಿಜ. ಆದರೆ ಅದರ ಲಾಭವೂ ನೋಡಿ. ಬೀಜಿಂಗಿನವರ ಮಾತು ದಕ್ಷಿಣ ಚೀನಾದ ಗ್ವಾಂಗ್‌ಝೌ ಕಡೆಯ ಅಜ್ಜಿಗೆ ತಿಳಿಯದೆ ಹೋಗಬಹುದು, ಪತ್ರಿಕೆ ಮಾತ್ರ ಇಬ್ಬರೂ ಒಂದೇ ಓದುತ್ತಾರೆ. 1958ರಲ್ಲಿ ರೋಮನ್ ಅಕ್ಷರದ ಪಿನ್‌ಯಿನ್ ಬಂದ ಮೇಲೂ ಅವರು ಹಳೆಯ ಲಿಪಿ ಬಿಡಲಿಲ್ಲ.

ಇನ್ನು 'ಕನ್ನಡಿಗರಿಗೇನು' ಅಂದಿರಲ್ಲ, ನಾನು ಕಾಯುತ್ತಿದ್ದ ಪ್ರಶ್ನೆಯೇ ಇದು! ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ ಎಂದು ಐಹೊಳೆ ಶಾಸನ ಹೇಳುತ್ತದೆ. ಬರೆದವನು ರವಿಕೀರ್ತಿ, ಅದೇ ರಾಜನ ಆಶ್ರಯದಲ್ಲಿದ್ದ ಕವಿ. ಹೊಗಳದೆ ಇನ್ನೇನು ಮಾಡಿಯಾನು? ಹೊರಗಿನ ಸಾಕ್ಷಿ ಅಂದರೆ ಚೀನಾದಿಂದ ಬಂದ ಬೌದ್ಧ ಯಾತ್ರಿಕ ಹ್ಯೂಯೆನ್ ತ್ಸಾಂಗ್. ಹರ್ಷನಿಂದ ಭಾರೀ ಆದರ ಪಡೆದವನು. ಆದರೂ ಈ ನಾಡನ್ನು ಗೆಲ್ಲಲು ಹರ್ಷನಿಂದ ಆಗಲಿಲ್ಲ ಎಂದು ಬರೆದಿಟ್ಟ. ಇಲ್ಲಿಯ ಜನ ಉಪಕಾರ ಮರೆಯುವುದಿಲ್ಲ, ಅವಮಾನ ಸಹಿಸುವುದಿಲ್ಲ, ಸೇಡು ತೀರಿಸುವ ಮುಂಚೆ ಶತ್ರುವಿಗೆ ಹೇಳಿಯೇ ಹೋಗುತ್ತಾರೆ ಅಂದ. ಯುದ್ಧಕ್ಕೆ ಮೊದಲು ಆನೆಗಳಿಗೆ ಹೆಂಡ ಕುಡಿಸುತ್ತಿದ್ದುದನ್ನೂ ಬಿಡಲಿಲ್ಲ ಪುಣ್ಯಾತ್ಮ. ಅಷ್ಟನ್ನೂ ಬರೆದದ್ದು ಚೀನೀ ಭಾಷೆಯಲ್ಲಿ.

ನಾಲಂದಾ ಎಲ್ಲಿತ್ತು ಎಂಬುದೇ ನಮಗೆ ಮರೆತುಹೋಗಿತ್ತು. 19ನೇ ಶತಮಾನದಲ್ಲಿ ಬ್ರಿಟಿಷ್ ಪುರಾತತ್ವಜ್ಞ ಕನಿಂಗ್‌ಹ್ಯಾಮ್ ಆ ಜಾಗ ಗುರುತಿಸಿದ್ದು ಇದೇ ಯಾತ್ರಿಕನ ಬರಹ ಹಿಡಿದುಕೊಂಡು. ಹರಿವರ್ಮ ಎಂಬ ನಮ್ಮ ಬೌದ್ಧ ಪಂಡಿತನ ದೊಡ್ಡ ಗ್ರಂಥದ ಸಂಸ್ಕೃತ ಮೂಲ ಕಳೆದುಹೋಗಿದೆ. ಬೌದ್ಧ ಭಿಕ್ಷು ಕುಮಾರಜೀವ ಮಾಡಿದ ಚೀನೀ ಅನುವಾದ ಉಳಿದಿದೆ. ನಾವು ಕಳೆದದ್ದನ್ನು ಅವರು ಕಾಪಾಡಿದರು.

ಅದನ್ನೆಲ್ಲ ನಾವು ಓದುವುದಾದರೂ ಹೇಗೆ? ಇಂಗ್ಲಿಷಿನಲ್ಲಿ. ಶಾಂತಿನಿಕೇತನದಲ್ಲಿ 1937ರಲ್ಲೇ ಚೀನೀ ಭಾಷೆ ಕಲಿಸುವ ಚೀನಾ ಭವನ ಶುರುವಾಯಿತು. ನಮ್ಮಲ್ಲಿ ಯಾವ ಭಾಷೆ ಕಲಿಯುತ್ತೇನೆ ಅಂದರೂ ಮನೆಯವರ ಮೊದಲ ಮಾತು 'ಅದರಿಂದ ಕೆಲಸ ಸಿಗುತ್ತಾ?' ಚೀನೀ ಹಾಗಿರಲಿ, ಹಳಗನ್ನಡದ ಗತಿಯೂ ಅದೇ ಅಲ್ವಾ? ಮಲೆನಾಡಿನ ಅಟ್ಟಗಳಲ್ಲಿ ತಾಳೆಗರಿ ಗೆದ್ದಲಿಗೆ ಹೋಗುತ್ತಿದೆ. ಆ ಬಗ್ಗೆ ಯಾರೂ ನನಗೆ ಸಿಟ್ಟಿನ ಪತ್ರ ಬರೆದಿಲ್ಲ. ನೀವು ಬರೆಯಿರಿ, ನಿಮ್ಮ ಕೈಯಲ್ಲಿ ಖಾರ ಇದೆ.

ಅಂದಹಾಗೆ, ಮುಂದಿನ ಸಂಚಿಕೆಯಲ್ಲೂ ಚೀನೀ ಭಾಷೆಗೆ ಎರಡು ಪುಟ ಮೀಸಲು.

– ಸಂ.