ಮುನಿಸಿನ ನಡುವೆಯೂ ನಿಲ್ಲದ ವಹಿವಾಟು

ಪ್ರಶ್ನೆ: ದ್ವೀಪಗಳ ಒಡೆತನ, ಯುದ್ಧಕಾಲದ ಇತಿಹಾಸ, ತೈವಾನ್ ಎಂದು ಜಪಾನ್ ಮತ್ತು ಚೀನಾ ಸದಾ ಮುನಿಸಿಕೊಂಡೇ ಇರುತ್ತವೆ. ಆದರೂ ಅವುಗಳ ನಾಯಕರು ಕುಳಿತು ಮಾತನಾಡುವಾಗಲೆಲ್ಲ ವ್ಯಾಪಾರದ ವಿಷಯವೇ ಮುಂದೆ ಬರುತ್ತದೆ. ಇಂತಹ ಆರ್ಥಿಕ ರಾಜತಾಂತ್ರಿಕತೆಯಿಂದ ನಿಜಕ್ಕೂ ಪ್ರಯೋಜನವಾಗಿದೆಯೇ?

ಉತ್ತರ: ಖಂಡಿತ ಆಗಿದೆ, ಆದರೆ ಜಗಳ ನಿಂತಿತೇ ಎಂದು ಕೇಳುತ್ತ ಹೋದರೆ ಆ ಪ್ರಯೋಜನ ಕಣ್ಣಿಗೆ ಬೀಳುವುದಿಲ್ಲ. ಈ ಎರಡು ದೇಶಗಳ ನಡುವೆ ರಾಜಕೀಯ ಸಂಬಂಧಕ್ಕಿಂತ ಮೊದಲು ಕುದುರಿದ್ದೇ ವ್ಯಾಪಾರ. ಜಪಾನಿನ ಪ್ರಧಾನಿ ಕಾಕುಯೆ ತನಾಕಾ 1972ರ ಸೆಪ್ಟೆಂಬರಿನಲ್ಲಿ ಬೀಜಿಂಗ್‌ಗೆ ಹೋಗಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಅವರೊಂದಿಗೆ ರಾಜತಾಂತ್ರಿಕ ಸಂಬಂಧ ಬೆಸೆಯುವ ಜಂಟಿ ಹೇಳಿಕೆಗೆ ಸಹಿ ಹಾಕುವ ಹತ್ತು ವರ್ಷ ಮೊದಲೇ, ಅಂದರೆ ಎರಡೂ ಸರ್ಕಾರಗಳು ಪರಸ್ಪರ ಮಾನ್ಯ ಮಾಡದಿದ್ದ 1962ರಲ್ಲೇ, ಚೀನಾ ಕಡೆಯ ಲಿಯಾವೊ ಚೆಂಗ್‌ಝಿ ಮತ್ತು ಜಪಾನ್ ಕಡೆಯ ತತ್ಸುನೊಸುಕೆ ತಕಸಾಕಿ ದೀರ್ಘಾವಧಿ ವ್ಯಾಪಾರದ ಒಡಂಬಡಿಕೆ ಮಾಡಿಕೊಂಡಿದ್ದರು.

1972ರ ಹೇಳಿಕೆಯಲ್ಲಿ ಚೀನಾ ಜಪಾನಿನಿಂದ ಯುದ್ಧ ಪರಿಹಾರ ಕೇಳುವ ಹಕ್ಕನ್ನು ಬಿಟ್ಟುಕೊಟ್ಟಿತು. 1978ರ ಅಕ್ಟೋಬರಿನಲ್ಲಿ ಜಪಾನಿಗೆ ಬಂದ ಚೀನಾದ ನಾಯಕ ಡೆಂಗ್ ಷಿಯಾವೊಪಿಂಗ್ ಅತಿವೇಗದ ಷಿಂಕಾನ್‌ಸೆನ್ ರೈಲಿನಲ್ಲಿ ಪ್ರಯಾಣಿಸಿದರು, ಕಾರು ಮತ್ತು ಉಕ್ಕಿನ ಕಾರ್ಖಾನೆಗಳನ್ನು ನೋಡಿದರು. ಅದೇ ವರ್ಷದ ಕೊನೆಗೆ ಶಾಂಘೈ ಬಳಿ ಜಪಾನಿನ ತಂತ್ರಜ್ಞಾನದ ನೆರವಿನೊಂದಿಗೆ ಬಾವೊಶಾನ್ ಉಕ್ಕಿನ ಕಾರ್ಖಾನೆಯ ಕೆಲಸ ಆರಂಭವಾಯಿತು. 1979ರ ಡಿಸೆಂಬರಿನಲ್ಲಿ ಪ್ರಧಾನಿ ಮಸಾಯೋಷಿ ಒಹಿರಾ ಬೀಜಿಂಗ್‌ನಲ್ಲಿ ಯೆನ್ ಸಾಲವನ್ನು, ಅಂದರೆ ಜಪಾನಿನ ನಾಣ್ಯದಲ್ಲಿ ಚೀನಾಕ್ಕೆ ಕೊಡುವ ಕಡಿಮೆ ಬಡ್ಡಿಯ ಸರ್ಕಾರಿ ಸಾಲವನ್ನು ಘೋಷಿಸಿದರು. ಯುದ್ಧ ಪರಿಹಾರಕ್ಕೆ ಬದಲಾಗಿ ಈ ಹಣ ಎಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಹಾಗೆ ಭಾವಿಸಿದವರು ಮಾತ್ರ ಎರಡೂ ಕಡೆ ಇದ್ದರು.

ಆ ಹಣ ಹೋದ ದಾರಿಯನ್ನು ಸ್ವಲ್ಪ ಗಮನಿಸಬೇಕು. ಮೊದಲ ಕಂತಿನ ಸಾಲದಲ್ಲಿ ಬೀಜಿಂಗ್‌ನಿಂದ ಚಿನ್‌ಹುವಾಂಗ್‌ದಾವೊ ಬಂದರಿಗೆ ರೈಲು ಮಾರ್ಗವಾಯಿತು, ಬಂದರೂ ವಿಸ್ತಾರವಾಯಿತು. ಚೀನಾದ ಕಲ್ಲಿದ್ದಲು ಹೊರದೇಶಗಳಿಗೆ ಸಾಗುವ ಹಾದಿಯೇ ಅದು. 1973ರ ತೈಲ ಬಿಕ್ಕಟ್ಟಿನಿಂದ ಕಂಗೆಟ್ಟು, ಪಶ್ಚಿಮ ಏಷ್ಯಾದ ಆಚೆಗೂ ಇಂಧನ ಹುಡುಕುತ್ತಿದ್ದ ಜಪಾನ್, 1978ರ ಫೆಬ್ರುವರಿಯ ದೀರ್ಘಾವಧಿ ಒಪ್ಪಂದದಲ್ಲಿ ಯಂತ್ರೋಪಕರಣಗಳನ್ನು ಕೊಟ್ಟು ಚೀನಾದ ತೈಲ ಮತ್ತು ಕಲ್ಲಿದ್ದಲನ್ನು ಪಡೆಯಲು ಒಪ್ಪಿತ್ತು. ಸಾಲ ಕೊಟ್ಟವರಿಗೂ ಪಡೆದವರಿಗೂ ಒಂದೇ ರಸ್ತೆಯಿಂದ ಲಾಭವಾಗುವಂತೆ ರೂಪಿಸಿದ್ದರಿಂದಲೇ ಈ ವ್ಯವಸ್ಥೆ ಬಾಳಿತು ಎಂದು ನಾನು ನಂಬುತ್ತೇನೆ. ಬೀಜಿಂಗ್‌ನ ಟಿಯಾನನ್‌ಮೆನ್ ಚೌಕದ ಪ್ರತಿಭಟನೆಯನ್ನು ಚೀನಾ ದಮನ ಮಾಡಿದ ನಂತರ 1989ರಲ್ಲಿ ತಡೆಹಿಡಿದ ಸಾಲವನ್ನು ಜಪಾನ್ ಮರುವರ್ಷವೇ ಮತ್ತೆ ಆರಂಭಿಸಿತು. ಒಟ್ಟು ನೆರವು ಸುಮಾರು 3.6 ಲಕ್ಷ ಕೋಟಿ ಯೆನ್ ತಲುಪಿ, 2022ರ ಮಾರ್ಚ್‌ಗೆ ಕೊನೆಗೊಂಡಿತು.

ಪ್ರಶ್ನೆ: ಹಾಗಾದರೆ ಅದೇ ವ್ಯಾಪಾರವನ್ನು ಅಸ್ತ್ರವಾಗಿ ಬಳಸುವುದೂ ಉಂಟಲ್ಲವೇ?

ಉತ್ತರ: ಉಂಟು. 2010ರ ಸೆಪ್ಟೆಂಬರಿನಲ್ಲಿ ಎರಡೂ ದೇಶಗಳು ತಮ್ಮದೆನ್ನುವ ಸೆಂಕಾಕು ದ್ವೀಪಗಳ ಬಳಿ ಚೀನಾದ ಮೀನುಗಾರಿಕಾ ದೋಣಿಯ ನಾಯಕನನ್ನು ಜಪಾನ್ ಬಂಧಿಸಿದಾಗ, ಚೀನಾದಿಂದ ಬರುತ್ತಿದ್ದ ವಿರಳ ಭೂಲೋಹಗಳ ಸರಬರಾಜು ನಿಂತುಹೋಯಿತು. ನಿಷೇಧ ಹೇರಿಲ್ಲವೆಂದು ಚೀನಾ ಸರ್ಕಾರ ಹೇಳುತ್ತಲೇ ಇತ್ತು. ಮೋಟಾರು ಮತ್ತು ಆಯಸ್ಕಾಂತಗಳ ತಯಾರಿಕೆಗೆ ಬೇಕಾದ ಈ ಲೋಹಗಳಲ್ಲಿ ಸುಮಾರು ಶೇ 90ರಷ್ಟಕ್ಕೆ ಜಪಾನ್ ಆಗ ಚೀನಾವನ್ನೇ ನೆಚ್ಚಿಕೊಂಡಿತ್ತು. ಪೆಟ್ಟು ತಿಂದ ಜಪಾನ್ ಇದೇ ಲೋಹಗಳನ್ನು ಗಣಿಯಿಂದ ತೆಗೆಯುವ ಆಸ್ಟ್ರೇಲಿಯಾದ ಲೈನಾಸ್ ಕಂಪನಿಗೆ ಬಂಡವಾಳ ಹಾಕಿತು ಮತ್ತು ಚೀನಾದ ರಫ್ತು ಮಿತಿಗಳ ವಿರುದ್ಧ ಅಮೆರಿಕ, ಐರೋಪ್ಯ ಒಕ್ಕೂಟಗಳ ಜೊತೆ ವಿಶ್ವ ವ್ಯಾಪಾರ ಸಂಘಟನೆಯ ಮೊರೆಹೋಗಿ 2014ರಲ್ಲಿ ಗೆದ್ದಿತು. ಹೀಗೆ ಆ ಅವಲಂಬನೆ ಕ್ರಮೇಣ ಇಳಿಯಿತು, ಆದರೆ ಅಳಿಯಲಿಲ್ಲ.

ಸಮುದ್ರಾಹಾರದ ಕಥೆಯಂತೂ ಇನ್ನೂ ಮುಗಿದಿಲ್ಲ. ಜಪಾನಿನ ಫುಕುಶಿಮಾ ಅಣು ವಿದ್ಯುತ್ ಸ್ಥಾವರದ ಸಂಸ್ಕರಿಸಿದ ನೀರನ್ನು 2023ರ ಆಗಸ್ಟ್‌ನಲ್ಲಿ ಸಮುದ್ರಕ್ಕೆ ಬಿಟ್ಟಾಗ ಚೀನಾ ಜಪಾನಿನ ಸಮುದ್ರಾಹಾರವನ್ನು ಪೂರ್ಣವಾಗಿ ನಿಷೇಧಿಸಿತು. ನಾಯಕರ ಮಟ್ಟದ ಮಾತುಕತೆಗಳ ಬಳಿಕ 2025ರ ಜೂನ್‌ನಲ್ಲಿ ಭಾಗಶಃ ಅನುಮತಿ ದೊರೆಯಿತು. ಅಕ್ಟೋಬರ್ ಕೊನೆಗೆ ಪ್ರಧಾನಿ ಸನಾಯೆ ತಕೈಚಿ ಮತ್ತು ಷಿ ಜಿನ್‌ಪಿಂಗ್ ದಕ್ಷಿಣ ಕೊರಿಯಾದಲ್ಲಿ ಭೇಟಿಯಾದರು. ಅದಾದ ಒಂದೇ ವಾರದಲ್ಲಿ ತೈವಾನ್ ಕುರಿತು ತಕೈಚಿ ಸಂಸತ್ತಿನಲ್ಲಿ ಆಡಿದ ಮಾತಿಗೆ ಚೀನಾ ಸಿಟ್ಟಾಗಿ, ಆಮದನ್ನು ನವೆಂಬರಿನಲ್ಲೇ ಮತ್ತೆ ನಿಲ್ಲಿಸಿತು. ಜಪಾನಿನ ಉತ್ತರ ದ್ವೀಪ ಹೊಕ್ಕೈಡೊದ ಸ್ಕ್ಯಾಲಪ್ ಎಂಬ ಕಡಲ ಚಿಪ್ಪುಜೀವಿಗಳನ್ನು ಹಿಂದೆ ಚೀನಾಕ್ಕೆ ಕಳಿಸಿ, ಅಲ್ಲಿ ಸಿಪ್ಪೆ ಬಿಡಿಸಿ, ಅಮೆರಿಕಕ್ಕೆ ಮಾರುತ್ತಿದ್ದರು. 2023ರ ನಿಷೇಧವಾದ ಮೇಲೆ ಹೊಕ್ಕೈಡೊದ ವ್ಯಾಪಾರಿಗಳು ಆ ಕೆಲಸಕ್ಕೆ ವಿಯೆಟ್ನಾಂ ಮತ್ತು ಮೆಕ್ಸಿಕೊಗಳ ಕಡೆ ತಿರುಗಿದ್ದಾರೆ.