ರಾಮೆನ್ ಅಂಗಡಿಯಲ್ಲಿ ಜಪಾನೀಯರು ಸೊರ್ರೆಂದು ಸದ್ದು ಮಾಡುತ್ತ, ಅಷ್ಟು ಅವಸರದಲ್ಲಿ ತಿನ್ನುವುದೇಕೆ?

ರಾಮೆನ್ ಎಂದರೆ ಬಿಸಿ ಸಾರಿನಲ್ಲಿ ಬಡಿಸುವ ನೂಡಲ್ಸ್. ಬಟ್ಟಲು ಮೇಜಿಗೆ ಬಂದ ಮೇಲೂ ನೂಡಲ್ಸ್ ಬಿಸಿ ಸಾರಿನಲ್ಲಿ ನೀರು ಹೀರುತ್ತಲೇ ಇರುವುದರಿಂದ, ಅದು ಮೆತ್ತಗಾಗುವ ಮೊದಲೇ ತಿಂದು ಮುಗಿಸಬೇಕೆಂಬುದೇ ಈ ಅವಸರಕ್ಕೆ ಮುಖ್ಯ ಕಾರಣ. ಬಿಸಿ ಎಳೆಗಳನ್ನು ಗಾಳಿಯೊಡನೆ ಸೊರ್ರೆಂದು ಎಳೆದುಕೊಂಡರೆ ಅವು ಬಾಯಿ ಸುಡದಷ್ಟು ಆರುತ್ತವೆ. ಜೊತೆಗೆ ಸಾರಿನ ಪರಿಮಳವು ಗಂಟಲಿನ ಹಿಂಬದಿಯಿಂದ ಮೂಗಿಗೇರಿ ರುಚಿಯನ್ನು ಹೆಚ್ಚಿಸುತ್ತದೆ.

ಜಪಾನಿನ ಫುಕುವೋಕಾ ನಗರದ ಹಕಾತ ಶೈಲಿಯ ರಾಮೆನ್‌ನಲ್ಲಿ ಈ ಅವಸರ ಎದ್ದು ಕಾಣುತ್ತದೆ. ಹಂದಿಯ ಮೂಳೆಗಳನ್ನು ಗಂಟೆಗಟ್ಟಲೆ ಕುದಿಸಿ ತೆಗೆದ ಬೆಳ್ಳನೆಯ ಮಂದ ಸಾರಿಗೆ, ಕಡಿಮೆ ನೀರು ಹಾಕಿ ಕಲಸಿದ ಹಿಟ್ಟಿನ ತೀರ ಸಣ್ಣ ಎಳೆಗಳನ್ನು ಅಲ್ಲಿ ಬಳಸುತ್ತಾರೆ. ಅವು ಬಲುಬೇಗ ಮೆದುವಾಗುವುದರಿಂದ ಒಮ್ಮೆಲೇ ಹೆಚ್ಚು ಬಡಿಸುವುದಿಲ್ಲ. ಸಾರು ಉಳಿದಿರುವಾಗ ಕೇಳಿದವರಿಗೆ, ಆಗತಾನೇ ಬೇಯಿಸಿದ ಇನ್ನೊಂದು ಹಿಡಿ ನೂಡಲ್ಸನ್ನು ಅದೇ ಬಟ್ಟಲಿಗೆ ಹಾಕುತ್ತಾರೆ. ಈ ಪದ್ಧತಿಗೆ ‘ಕಾಯೆದಾಮ’ ಎಂದು ಹೆಸರು. ಫೋಟೊ ತೆಗೆಯುತ್ತ ಕೂರುವವರು ಇಲ್ಲಿ ನಿಜಕ್ಕೂ ನಷ್ಟ ಅನುಭವಿಸುತ್ತಾರೆ.

ಹಾಗೆಂದು ಸದ್ದು ಮಾಡಲೇಬೇಕೆಂಬ ನಿಯಮವೇನೂ ಇಲ್ಲ. ಈ ಸಲಿಗೆ ರಾಮೆನ್, ಸೋಬಾ, ಉದೋನ್‌ನಂತಹ ನೂಡಲ್ಸಿಗಷ್ಟೇ ಸಲ್ಲುತ್ತದೆ. ಸುಶಿ ತಿನ್ನುವಾಗ ಅಲ್ಲ.