ಸಿಡಿಲಿಗೆ ಟಿವಿ ಸುಟ್ರೆ ಕ್ಲೈಮ್ ಸಿಗ್ತದಾ? ವಿಮೆ ಸರ್ವೇಯರ್ ಉತ್ತರ

ಪ್ರಶ್ನೆ: ಸಿಡಿಲಿಗೆ ನಮ್ಮ ಟಿವಿ, ಇನ್ವರ್ಟರ್, ವೈಫೈ ಬಾಕ್ಸ್ ಮೂರೂ ಹೋಯ್ತು. ಪಾಲಿಸಿಯಲ್ಲಿ ಸಿಡಿಲು ಕವರ್ ಅಂತ ಉಂಟು, ಆದ್ರೂ ಕ್ಲೈಮ್ ಇಲ್ಲ ಅಂತಾರೆ. ಇದು ಮೋಸ ಅಲ್ವಾ ಸರ್? (ಬ್ರಹ್ಮಾವರ)

ಉತ್ತರ: ಏಪ್ರಿಲ್-ಮೇಗೆ ಒಮ್ಮೆ, ಅಕ್ಟೋಬರಿಗೆ ಇನ್ನೊಮ್ಮೆ ಇದೇ ಪ್ರಶ್ನೆ. ಮೋಸ ಮಾಡಿದ್ದು ಕಂಪನಿ ಅಲ್ಲ ಮಾರಾಯ್ರೆ, "ಎಲ್ಲಾ ಕವರ್ ಆಗ್ತದೆ" ಅಂತ ಹೇಳಿ ಸೈನ್ ಹಾಕಿಸಿಕೊಂಡವರು. 2021ರ ಏಪ್ರಿಲಿಂದ ಬಂದ ಮನೆ ವಿಮೆ, ಭಾರತ್ ಗೃಹ ರಕ್ಷಾ ಪಾಲಿಸಿ ತೆಗೆದು ಓದಿ. ಸಿಡಿಲು ಬಡಿದು ಗೋಡೆ ಬಿರುಕು ಬಿಟ್ರೆ, ಹಂಚು ಒಡೆದ್ರೆ, ಬೆಂಕಿ ಹತ್ತಿ ಸೋಫಾ ಕಪಾಟು ಸುಟ್ರೆ ದುಡ್ಡು ಉಂಟು, ಆದ್ರೆ ಲೈನಲ್ಲಿ ವೋಲ್ಟೇಜ್ ಏರಿ ಶಾರ್ಟ್ ಆಗಿ ಒಂದು ಮೆಷಿನ್ ಒಳಗಿಂದ್ಲೇ ಸುಟ್ರೆ ಆ ಮೆಷಿನಿಗೆ ಇಲ್ಲ, ಸಿಡಿಲಿಂದಾದ್ರೂ ಇಲ್ಲ ಅಂತ ಅದ್ರಲ್ಲೇ ಬರ್ದದ್ದುಂಟು. ಅದೇ ಟಿವಿಯ ಬೆಂಕಿ ಕರ್ಟನಿಗೆ ಹಿಡಿದ್ರೆ ಕರ್ಟನಿಗೆ ಸಿಗ್ತದೆ, ಟಿವಿಗೆ ಸಿಗುದಿಲ್ಲ. ನಷ್ಟ ನೋಡ್ಲಿಕ್ಕೆ ನಾವು ಸರ್ವೇಯರ್ ಬಂದು ಟಿವಿಯ ಹಿಂದಿನ ಕವರ್ ಬಿಚ್ಚಿ ನೋಡುದು ಇದಕ್ಕೇ. ಪವರ್ ಬೋರ್ಡಲ್ಲಿ ಉಗುರಿನಷ್ಟು ಕಪ್ಪು ಕಲೆ, ಫ್ಯೂಸ್ ಒಡೆದದ್ದು, ಹಿಂದಿನ ಗೋಡೆಯಲ್ಲಿ ಮಸಿಯೇ ಇಲ್ಲ ಅಂದ್ರೆ ಒಳಗಿಂದ್ಲೇ ಸುಟ್ಟದ್ದು ಅಂತ ಅಲ್ಲೇ ಗೊತ್ತಾಗ್ತದೆ.

ಇದಕ್ಕೆ ಎಲೆಕ್ಟ್ರಿಕಲ್ ಬ್ರೇಕ್‌ಡೌನ್ ಕವರ್ ಬೇರೆಯೇ ತಗೊಳ್ಬೇಕು, ಎಷ್ಟು ವರ್ಷ ಹಳೇ ಮೆಷಿನಿಗೆ ಕೊಡ್ತಾರೆ ಅಂತ ಮೊದ್ಲೇ ಕೇಳಿ. ಸರ್ವೇ ಆಗುವ ಮೊದ್ಲು ರಿಪೇರಿ ಮಾಡಿಸ್ಬೇಡಿ, ಸುಟ್ಟ ಬೋರ್ಡ್ ಗುಜರಿಗೆ ಹಾಕ್ಬೇಡಿ. "ಸ್ವಲ್ಪ ಬೆಂಕಿ ತಾಗಿಸಿ ಫೋಟೋ ತೆಗೀರಿ, ಪಾಸ್ ಮಾಡಿಸುವ" ಅಂತ ಹೇಳುವವರನ್ನು ಮನೆ ಮೆಟ್ಟಿಲು ಹತ್ತಿಸ್ಬೇಡಿ. ಸುಳ್ಳು ಅಂತ ಗೊತ್ತಾದ್ರೆ ಇಡೀ ಕ್ಲೈಮೇ ಹೋಗ್ತದೆ, ಅವ ಕಮಿಷನ್ ತಗೊಂಡು ಆಗ್ಲೇ ಹೋಗಿರ್ತಾನೆ. ಅರ್ತಿಂಗ್ ಇದ್ರೆ ಏನೂ ಆಗುದಿಲ್ಲ ಅನ್ನುದೂ ಸುಳ್ಳೇ. ಮೋಡ ಕಟ್ಟುವಾಗ್ಲೇ ಪ್ಲಗ್ ತೆಗೀರಿ, ಕೇಬಲ್ ವಯರನ್ನೂ ತೆಗೀರಿ, ಸಿಡಿಲಿನ ಕರೆಂಟ್ ಅದ್ರಿಂದಲೂ ಬರುದನ್ನು ಜನ ಮರೀತಾರೆ. ಗುಡುಗು ತಲೆ ಮೇಲೆ ಬಂದ ಮೇಲೆ ಮಾತ್ರ ಮುಟ್ಲಿಕ್ಕೆ ಹೋಗ್ಬೇಡಿ, ಟಿವಿ ಹೋದ್ರೆ ಹೋಗ್ಲಿ.

ಪ್ರಶ್ನೆ: ಮನೆಗೆ ಪಾಲಿಸಿ ಉಂಟು, ಒಳಗಿನ ಸಾಮಾನಿಗೆ ಬೇರೆ ಬೇಕಾ? (ಸುರತ್ಕಲ್)

ಉತ್ತರ: ಗೃಹ ರಕ್ಷಾ ಆದ್ರೆ ಕಟ್ಟಡಕ್ಕೆ ಮಾಡಿದ ವಿಮೆ ಮೊತ್ತದ 20%, ಹೆಚ್ಚಂದ್ರೆ 10 ಲಕ್ಷ, ಸಾಮಾನಿಗೆ ತನ್ನಿಂತಾನೇ ಬರ್ತದೆ. ಚಿನ್ನ ಇದ್ರಲ್ಲಿ ಸೇರುದಿಲ್ಲ, ಅದಕ್ಕೆ ಬೇರೆ.

ಪ್ರಶ್ನೆ: ಕಳ್ಳತನ? (ಕಾರ್ಕಳ)

ಉತ್ತರ: ಬೆಂಕಿ, ನೆರೆ ಅಂಥದ್ದಾದ 7 ದಿನದೊಳಗೆ ಕದ್ದದ್ದಕ್ಕೆ ಮಾತ್ರ. ಬಾಕಿದ್ದಕ್ಕೆ ಬರ್ಗ್ಲರಿ ಕವರ್ ತಗೊಳ್ಳಿ.

ಪ್ರಶ್ನೆ: ಮಳೆಗಾಲದಲ್ಲಿ ಗೋಡೆ ಒಸರಿ ಕಪಾಟು ಹಾಳಾಯ್ತು. (ಉಡುಪಿ)

ಉತ್ತರ: ಸಿಗುದಿಲ್ಲ. ಜೂನ್ ಮೊದ್ಲು ವಾಟರ್‌ಪ್ರೂಫಿಂಗ್ ಮಾಡ್ಸಿ.